ಹೊಳೆಯಾಚೆ ಸೇರಿದ ದರ್ಬಾರು

"ಮೂರು ವರ್ಷದಿಂದ ನನ್ನ ದರ್ಬಾರಿಗೆ ಒಂದೇ ಒಂದು ದೂರು ಬಂದಿಲ್ಲ!" ಎಂದು ಹಿರೇಗುಡ್ಡದ ದೊರೆ ಕೆಂಚವೀರ ನಾಯಕ ಮೀಸೆ ತಿರುವಿದ. "ನಾಳೆಯಿಂದ ನನ್ನ ಪಲ್ಲಕ್ಕಿಯ ಮುಂದೆ 'ಕೊರತೆಯಿಲ್ಲದ ನಾಡಿನ ದೊರೆ' ಎಂದು ಕೂಗಬೇಕು."

ಸಭೆಯೆಲ್ಲ ತಲೆದೂಗಿತು. ಆಸ್ಥಾನದ ವಿದೂಷಕ ಓಬಣ್ಣ ಮಾತ್ರ ಕೆಮ್ಮಿದ.

"ಏನಯ್ಯ, ಗಂಟಲಿಗೆ ಏನಾಯಿತು?"

"ಒಂದು ಸಂಶಯ ಸಿಕ್ಕಿಕೊಂಡಿದೆ, ಪ್ರಭು."

"ಹಾಗೋ? ಎಂಟು ದಿನ ಕೊಟ್ಟೆ. ಕೊರತೆ ಇರುವ ಒಬ್ಬನೇ ಒಬ್ಬ ಪ್ರಜೆಯನ್ನು ತೋರಿಸು. ಆಗದಿದ್ದರೆ ನೀನೇ ಈ ನಾಡು ಬಿಟ್ಟು ಹೊರಡು."

ಮನೆಯಲ್ಲಿ ಹೆಂಡತಿ ಸಿದ್ದಮ್ಮ ಕೇಳಿದಳು, "ಗಂಟು ಕಟ್ಟಲೇನು?"

"ಅರ್ಧ ಕಟ್ಟು" ಎಂದ ಓಬಣ್ಣ.

ಆ ನಾಡಿನಲ್ಲಿ ಒಂದು ಪದ್ಧತಿ ಇತ್ತು. ದೂರು ಹೇಳಲು ಬಂದವನ ಪಕ್ಕದಲ್ಲಿ ಅವನ ಊರಿನ ಗೌಡ ನಿಂತು, "ಇವನು ನಮ್ಮವನೇ, ಹೇಳುವುದು ನಿಜ" ಎನ್ನಬೇಕು. ಗೌಡನಿಲ್ಲದೆ ಬಂದರೆ ಬಾಗಿಲಿನವನು ಒಳಗೆ ಬಿಡುತ್ತಿರಲಿಲ್ಲ.

ಓಬಣ್ಣ ಮೊದಲು ಕಣಿವೆಹಳ್ಳಿಗೆ ಹೋದ. "ಏನಾದರೂ ಕೊರತೆ ಇದೆಯೇ?" ಎಂದು ಕೇಳಿದ. ಜನ ಗೌಡರ ಮುಖ ನೋಡಿದರು. ಗೌಡರು "ಏನೂ ಇಲ್ಲ" ಎಂದರು. ಜನರೂ "ಏನೂ ಇಲ್ಲ" ಎಂದರು.

ಊರ ಹೊರಗೆ ಕುರಿ ಕಾಯುವ ಮುದುಕನೊಬ್ಬ ಸಿಕ್ಕ.

"ಅಜ್ಜ, ನಿಮ್ಮೂರಲ್ಲಿ ಬಾಯಿ ಇರೋರು ಯಾರೂ ಇಲ್ಲವೇ?"

"ಇದ್ಲಪ್ಪ, ಕುಂಬಾರ ನಾಗವ್ವ. ಬಾಯಿ ಅಂದ್ರೆ ಅದು ಬಾಯಿ. ಹೊಳೆ ದಾಟಿ ಹೋದ್ಲು."

"ಆಮೇಲೆ?"

"ಆಮೇಲೆ ಊರು ತಣ್ಣಗಾತು. ಗೌಡ್ರಿಗೆ ಚಲೋ ನಿದ್ದೆ ಬರ್ತೈತಿ."

ಮುಂದಿನ ಊರಿನಲ್ಲಿ ಜಗಳಗಂಟ ಬಡಗಿ ಹೊಳೆ ದಾಟಿದ್ದ. ಅದರಾಚೆಯ ಊರಿನಲ್ಲಿ ನೇಕಾರರ ಕೇರಿಗೆ ಕೇರಿಯೇ ದಾಟಿತ್ತು. ಓಬಣ್ಣ ಮತ್ತೆ ಯಾರನ್ನೂ ಕೇಳಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ ಅವನು ದೊರೆಯನ್ನು ಹರಿಗೋಲಿನಲ್ಲಿ ಕೂರಿಸಿದ. ಹರಿಗೋಲು ಗರಗರ ತಿರುಗಿತು. ದೊರೆ ಎರಡು ಕೈಯಿಂದಲೂ ಅಂಚು ಹಿಡಿದುಕೊಂಡ.

"ಎಲ್ಲಯ್ಯ ನಿನ್ನ ಪ್ರಜೆ?"

"ಇನ್ನೆರಡು ಸುತ್ತು, ಪ್ರಭು."

ಆಚೆ ದಡದಲ್ಲಿ ಬೇರೆ ರಾಜನ ಪೇಟೆ. ದೊರೆ ಇಳಿಯುತ್ತಲೇ ಮಡಕೆ ಅಂಗಡಿಯಿಂದ ಒಂದು ಕೂಗು ಎದ್ದಿತು.

"ಅಯ್ಯೋ, ನಮ್ಮ ದೊರೆ ಕಣ್ರೋ! ಬರ್ರೋ!"

ಜನ ಓಡಿ ಬಂದರು. ಹಾರ ಹಾಕಿದರು, ಮಜ್ಜಿಗೆ ಕೊಟ್ಟರು. ದೊರೆಯ ಮುಖ ಅರಳಿತು. ಮಜ್ಜಿಗೆ ಮುಗಿಯುವ ಮೊದಲೇ ನಾಗವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ದೊರೆ, ನಮ್ಮೂರ ಕೆರೆ ತೂಬು ಕಿತ್ತು ನಾಕು ವರ್ಸ ಆತು. ನೀರೆಲ್ಲ ಹಳ್ಳಕ್ಕೆ ಹೋಗ್ತೈತಿ."

"ದರ್ಬಾರಿಗೆ ಬಂದು ಹೇಳಬೇಕಿತ್ತು!"

"ಗೌಡ್ರನ್ನ ಕರ್ಕೊಂಡು ಬರಬೇಕಲ್ಲ? ತೂಬಿನ ಕಲ್ಲು ಅವರ ಮನೆ ಮೆಟ್ಲಾಗೈತಿ."

ಜನ ಹೋ ಎಂದು ನಕ್ಕರು. ಬಡಗಿ ಮುಂದೆ ಬಂದ. ಅವನ ಹಿಂದೆ ನೇಕಾರರು. ಅವರ ಹಿಂದೆ ಸಾಲು. ಒಬ್ಬನ ಹೊಲ ಗೌಡನ ಬೇಲಿಯೊಳಗೆ ಸೇರಿತ್ತು. ಇನ್ನೊಬ್ಬನ ಮಗ್ಗ ಗೌಡನ ಅಳಿಯನ ಮನೆಯಲ್ಲಿತ್ತು.

ದೊರೆಯ ದನಿ ಇಳಿಯಿತು. "ಇಲ್ಲಿ ಯಾರ ಹತ್ತಿರ ಹೇಳುತ್ತೀರಿ?"

"ಇಲ್ಲಿ ಸಂತೆ ಅಧಿಕಾರಿ ಕಟ್ಟೆ ಮೇಲೆ ಕೂತಿರ್ತಾನೆ" ಎಂದಳು ನಾಗವ್ವ. "ಹೋಗ್ತೀವಿ, ಹೇಳ್ತೀವಿ. ಪಕ್ಕದಾಗೆ ಯಾರೂ ನಿಲ್ಲಂಗಿಲ್ಲ. ನಮ್ಮೂರೋರಿಗೂ ಹೇಳಿ ಕಳ್ಸೀವಿ, ನಮಗೂ ಇಂಥ ಕಟ್ಟೆ ಬೇಕು ಅಂತ ನೀವೂ ಕೇಳ್ರಿ ಅಂತ. ಇವತ್ತಲ್ಲ ನಾಳೆ ಕೇಳ್ತಾರೆ, ನೋಡ್ತಿರ್ರಿ."

ದೊರೆ ಓಬಣ್ಣನ ಕಡೆ ಕೆಂಗಣ್ಣು ಬಿಟ್ಟ.

"ಒಬ್ಬನನ್ನು ತೋರಿಸು ಎಂದರೆ ನೂರು ಜನರನ್ನು ಕರೆತಂದೆಯಲ್ಲೋ!"

"ಇವರನ್ನು ಇಲ್ಲಿಗೆ ಕಳಿಸಿದವರು ತಾವು, ಪ್ರಭು" ಎಂದು ಓಬಣ್ಣ ಕೈಮುಗಿದ. "ನಾನು ಕರೆತಂದದ್ದು ತಮ್ಮನ್ನು ಮಾತ್ರ."

ದೊರೆ ಹೊಟ್ಟೆ ಕುಣಿಯುವಂತೆ ನಕ್ಕ. ಅಲ್ಲೇ ನಿಂತು, ಗೌಡನನ್ನು ಜೊತೆಗೆ ತರುವ ಪದ್ಧತಿಯನ್ನು ತೆಗೆದುಹಾಕಿದ. ಕೈಬೆರಳಿನ ಉಂಗುರ ಬಿಚ್ಚಿ ಓಬಣ್ಣನಿಗೆ ಕೊಟ್ಟ.

ಮುಂದಿನ ಸೋಮವಾರದ ದರ್ಬಾರು ಬೆಳಿಗ್ಗೆ ಶುರುವಾಗಿ ಬುಧವಾರ ಮುಗಿಯಿತು.