ನೀಲಿ ಸೀರೆಯ ಸುಳ್ಳು

ಶಿವನಂಜ ಎಂಬ ಶಿಷ್ಯ ಗುರುಗಳನ್ನು ಕೇಳಿದ: "ಬುದ್ಧೀ, ಫೋನಿಗೆ ಬೀಗ ಹಾಕು, ಪಾಸ್‌ವರ್ಡ್ ಯಾರಿಗೂ ಹೇಳಬೇಡ, ಕೇಳಿದ ಆ್ಯಪಿಗೆಲ್ಲ ಅನುಮತಿ ಕೊಡಬೇಡ ಅಂತೀರಿ. ನಾನು ಯಾವ ತಪ್ಪನ್ನೂ ಮಾಡಿಲ್ಲ. ಮುಚ್ಚಿಡುವುದು ನನಗೇನಿದೆ?"

ಗುರುಗಳು ಹೇಳಿದರು:

ಒಬ್ಬ ಹೆಂಗಸು ಇದ್ದಳು. ಮದುವೆಗೆ ಮುಂಚೆ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಗಂಡ ಆ ಕೆಲಸ ಬಿಡಿಸಿದ. ಅವನು ಹೊಡೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಆದರೆ ಅವನಿಗೆ ಎಲ್ಲವೂ ಗೊತ್ತಾಗುತ್ತಿತ್ತು. ಅವಳು ಯಾವ ಬೀದಿಗೆ ಹೋಗಿದ್ದಳು, ಅಕ್ಕನ ಹತ್ತಿರ ಏನು ಹೇಳಿಕೊಂಡಳು, ಯಾವ ಮಾತಿಗೆ ಅಳು ಬಂತೆಂದಳು, ಸಂಜೆ ಮನೆಗೆ ಬಂದು ಅದನ್ನೆಲ್ಲ ನಗುತ್ತಲೇ ಹೇಳುತ್ತಿದ್ದ. ಅವಳಿಗೆ ದಿಗಿಲಾಯಿತು. ಗೋಡೆಗೂ ಕಿವಿ ಬಂದಿದೆಯೇನೋ ಎಂದುಕೊಂಡು ಮಾತನ್ನೇ ಕಡಿಮೆ ಮಾಡಿದಳು. ಕೊನೆಗೆ ಅಕ್ಕನಿಗೂ "ಚೆನ್ನಾಗಿದ್ದೀನಿ" ಎಂಬುದನ್ನು ಬಿಟ್ಟು ಬೇರೇನೂ ಬರೆಯದಾದಳು.

ಒಂದು ದಿನ ಅವಳಿಗೆ ಒಂದು ಯೋಚನೆ ಬಂತು. ಅಕ್ಕನಿಗೆ ಫೋನಿನಲ್ಲಿ ಒಂದು ಸುಳ್ಳು ಬರೆದಳು: ಶುಕ್ರವಾರ ಅಂಗಡಿಗೆ ಹೋಗಿ ನೀಲಿ ಸೀರೆ ತಗೊಳ್ತೀನಿ. ಬಾಯಿ ಬಿಟ್ಟು ಯಾರಿಗೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಗಂಡ, "ಮನೇಲಿ ಇಷ್ಟೊಂದು ಸೀರೆ ಇರುವಾಗ ನೀಲಿ ಸೀರೆ ಯಾಕೆ?" ಎಂದ.

ಅವಳು ತಲೆ ಎತ್ತಲಿಲ್ಲ. ಆದರೆ ಬಹಳ ಕಾಲದ ಮೇಲೆ ಅವತ್ತು ಅವಳಿಗೆ ಅನ್ನ ರುಚಿಸಿತು. ಗೋಡೆಗೆ ಕಿವಿ ಇರಲಿಲ್ಲ. ಇವನು ಸರ್ವಜ್ಞನೂ ಆಗಿರಲಿಲ್ಲ. ಫೋನು ಓದುತ್ತಿದ್ದ, ಅಷ್ಟೇ.

ಮರುದಿನ ಅವಳು ಗೆಳತಿಯ ಮನೆಗೆ ಹೋದಳು. ಇಬ್ಬರೂ ಕೂತು ಫೋನಿನ ಸೆಟ್ಟಿಂಗ್ಸ್ ಹುಡುಕಿದರು. ಅವಳ ಸಂದೇಶಗಳೆಲ್ಲ ಗಂಡನ ಕಂಪ್ಯೂಟರಿನಲ್ಲೂ ತೆರೆದುಕೊಂಡಿದ್ದವು. ಅವಳು ಇರುವ ಜಾಗ ಹಗಲೂ ರಾತ್ರಿ ಅವನಿಗೆ ಹೋಗುತ್ತಿತ್ತು. ಗೆಳತಿ ಸಿಟ್ಟಿನಿಂದ ಎಲ್ಲವನ್ನೂ ಆಗಲೇ ಮುಚ್ಚಲು ಹೋದಳು. ಇವಳು ಕೈ ಹಿಡಿದಳು.

"ಈಗ ಬೇಡ ಕಣೇ. ಮುಚ್ಚಿದರೆ ಅವರಿಗೆ ಗೊತ್ತಾಗುತ್ತೆ. ಮೊದಲು ನನಗೊಂದು ಕೆಲಸ ಆಗಬೇಕು."

ಗೆಳತಿಯ ಫೋನಿನಲ್ಲೇ ಹೊಸ ಇ-ಮೇಲ್ ಮಾಡಿದರು. ಪಾಸ್‌ವರ್ಡಿಗೆ ಹುಟ್ಟಿದ ದಿನವನ್ನಾಗಲಿ ಮನೆಯವರ ಹೆಸರನ್ನಾಗಲಿ ಇಡಲಿಲ್ಲ. ಯಾರಾದರೂ ಹೊಸ ಕಡೆಯಿಂದ ತೆರೆದರೆ ಗೆಳತಿಯ ಫೋನಿಗೆ ಗುಟ್ಟಿನ ಸಂಖ್ಯೆ ಬರುವ ಹಾಗೆ ಮಾಡಿದರು. ಅಲ್ಲಿಂದಲೇ ದೂರದ ಒಂದು ವಸತಿ ಶಾಲೆಗೆ ಅರ್ಜಿ ಹೋಯಿತು. ಸಂದರ್ಶನಕ್ಕೆ ಕರೆಯೂ ಬಂತು.

ಸಂದರ್ಶನದ ದಿನ ಅವಳು ತನ್ನ ಫೋನನ್ನು ಗೆಳತಿಯ ಮನೆಯಲ್ಲಿಟ್ಟು ಬಸ್ಸು ಹತ್ತಿದಳು. ಗಂಡ ನೋಡಿದಾಗಲೆಲ್ಲ ಹೆಂಡತಿ ಗೆಳತಿಯ ಮನೆಯಲ್ಲೇ ಇದ್ದಳು. ಮಧ್ಯಾಹ್ನ ಅವನು ಕರೆ ಮಾಡಿದ. ಗೆಳತಿ ಎತ್ತಿ, "ಅವಳ ಎರಡು ಕೈಗೂ ಗೋರಂಟಿ ಹಚ್ಚಿದ್ದೀನಿ ಅಣ್ಣ, ಫೋನ್ ಹಿಡಿಯೋಕಾಗಲ್ಲ" ಎಂದಳು. ಸಂಜೆ ಅವಳು ಬಂದ ಕೂಡಲೇ ಕೂರಿಸಿ ನಿಜವಾಗಿಯೂ ಗೋರಂಟಿ ಹಚ್ಚಿದಳು. ಹಚ್ಚುವಷ್ಟು ಹೊತ್ತೂ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಕೆಲಸ ಸಿಕ್ಕಿತು. ಇರಲು ಮನೆಯನ್ನೂ ಶಾಲೆಯವರೇ ಕೊಟ್ಟರು. ಹೊರಡುವ ದಿನ ಅವಳು ಅಪ್ಪನನ್ನು ಕರೆಸಿಕೊಂಡಳು. ಪೆಟ್ಟಿಗೆ ಬಾಗಿಲಲ್ಲಿಟ್ಟು, ಗಂಡನ ಎದುರಿಗೇ ನಿಂತು ಫೋನು ತೆಗೆದಳು. ಅದರಿಂದ ಅವನ ಕಂಪ್ಯೂಟರಿಗಿದ್ದ ಕೊಂಡಿಯನ್ನು ಕಿತ್ತುಹಾಕಿದಳು. ಜಾಗ ತೋರಿಸುವುದನ್ನು ನಿಲ್ಲಿಸಿದಳು. ಬೀಗದ ಸಂಖ್ಯೆ ಬದಲಾಯಿಸಿದಳು.

ಗಂಡನ ಮುಖ ಕಪ್ಪಿಟ್ಟಿತು. "ತಪ್ಪು ಮಾಡದೆ ಇರೋಳಿಗೆ ಮುಚ್ಚಿಡೋಕೆ ಏನಿದೆ?" ಎಂದ.

"ಏನೂ ಇಲ್ಲ. ನಾನು ನಮ್ಮಕ್ಕನ ಹತ್ತಿರ ಮಾತಾಡಬೇಕು. ನಾವಿಬ್ಬರೇ."

ಅಪ್ಪ ಪೆಟ್ಟಿಗೆ ಎತ್ತಿಕೊಂಡ. ಅವಳು ಹಿಂದಿರುಗಿ ನೋಡದೆ ಮೆಟ್ಟಿಲಿಳಿದಳು. ಬಸ್ಸಿನಲ್ಲಿ ಕೂತು ಅಕ್ಕನಿಗೆ ಕರೆ ಮಾಡಿದವಳು ಶಾಲೆಯ ಊರು ಬರುವವರೆಗೂ ಮಾತಾಡಿದಳು, ಅತ್ತಳು, ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ನಕ್ಕಳು. ಈಗ ಅವಳು ಕಲಿಸುವ ಹುಡುಗಿಯರು ಫೋನು ಕೈಗೆ ಬಂದ ದಿನವೇ ಅದಕ್ಕೆ ಬೀಗ ಹಾಕುತ್ತಾರೆ. ಇದನ್ನು ಬೇರೆ ಯಾರು ತೆರೆದಿದ್ದಾರೆ ಎಂದು ಆಗಾಗ ನೋಡಿಕೊಳ್ಳುತ್ತಾರೆ. ಅನುಮತಿ ಕೇಳಿದ ಆ್ಯಪಿಗೆ, ಯಾಕೆ ಬೇಕು ಎಂದು ಯೋಚಿಸಿ, ಬೇಡವಾದದ್ದಕ್ಕೆ ಬೇಡ ಎನ್ನುತ್ತಾರೆ.

ಗುರುಗಳು ಕತೆ ಮುಗಿಸಿದರು. ಶಿವನಂಜನ ಕಣ್ಣು ಹೊಳೆಯುತ್ತಿತ್ತು.

"ಎಂಥ ಧೈರ್ಯ, ಬುದ್ಧೀ! ಆ ತಾಯಿ ಈಗ ಯಾವ ಊರಿನಲ್ಲಿದ್ದಾರೆ? ಅವರ ಹೆಸರೇನು?"

"ಅದು ಆಕೆಗೆ ಸೇರಿದ್ದು" ಎಂದರು ಗುರುಗಳು.

ಶಿವನಂಜ ತನ್ನ ಫೋನು ತೆಗೆದು ಅದಕ್ಕೆ ಬೀಗ ಹಾಕತೊಡಗಿದ.