ಹೆರನ್‌ಫೋರ್ಡಿನ ಕೊಕ್ಕರೆ

ಲೋಕ ಆಗಷ್ಟೇ ಕಣ್ಣುಬಿಟ್ಟಿದ್ದ ಕಾಲ. ಯಾವ ಊರಿಗೂ ಹೆಸರಿಲ್ಲ, ಯಾವ ಮನೆತನಕ್ಕೂ ಹೆಸರಿಲ್ಲ. "ಎಲ್ಲಿಯವಳಮ್ಮಾ ನೀನು?" ಅಂದರೆ "ಅಗೋ, ಅಲ್ಲಿಯವಳು" ಅಂತ ಕೈತೋರಿಸಿದರೆ ಮುಗೀತು.

ಆಗ ಇಂಗ್ಲೆಂಡಿನ ಒಂದು ಹೊಳೆದಂಡೆಯಲ್ಲಿ ಹಿಲ್ಡಾ ಅಂತ ಕುರಿ ಸಾಕುವವಳಿದ್ದಳು. ಎಳೆಮರಿಗಳನ್ನು ದೊಡ್ಡಿಯಲ್ಲೇ ಕೂಡಿಹಾಕಿ, ತಾಯಿಕುರಿಗಳನ್ನಷ್ಟೇ ಹೊಳೆಯಾಚೆ ಮೇಯಲು ಒಯ್ಯುತ್ತಿದ್ದಳು. ದಾಟುವ ಜಾಗದ ಗುರುತಿಗೆ ನೀರಲ್ಲೊಂದು ಕೋಲು ನೆಡುತ್ತಿದ್ದಳು. ಹೊಳೆಯಲ್ಲಿ ನೆಟ್ಟ ಕೋಲನ್ನು ಯಾರಾದರೂ ನಂಬುತ್ತಾರಾ? ಪೆದ್ದಿ!

ಒಂದು ಮಧ್ಯಾಹ್ನ ಬೆಟ್ಟದ ಮೇಲೆ ಮಳೆ ಹೊಯ್ಯಿತು. ಹೊಳೆ ರಾಡಿಯಾಗಿ ಬಂದು ಕೋಲನ್ನು ಕಿತ್ತುಕೊಂಡು ಹೋಯಿತು. ಮನೆ ಕಡೆಯಿಂದ ಹಸಿದ ಮರಿಗಳ ಕೂಗು. ಇತ್ತ ತಾಯಿಕುರಿಗಳ ಕೂಗು. ಹಿಲ್ಡಾ ಹೊಳೆಯನ್ನೇ ಕೇಳಿದಳು.

"ಹೊಳೆಯಮ್ಮಾ, ಆಳ ಎಲ್ಲಿ ಕಡಿಮೆ, ಹೇಳೇ."

"ನನ್ನ ಹೊಟ್ಟೆಯೊಳಗಿನ ಗುಟ್ಟು ನಿನಗ್ಯಾಕೆ? ಹೇಳಲ್ಲ, ಹೋಗು."

"ಗಾಳಿಯಣ್ಣಾ, ನೀನಾದರೂ ಹೇಳೋ."

"ನಾನು ಮೇಲೆ ಮೇಲೆ ತಿರುಗೋನು ತಾಯಿ, ತಳ ಕಂಡವನಲ್ಲ."

ಅಲ್ಲೇ ಇದ್ದ ಕೊಕ್ಕರೆ ಗಂಟಲು ಸರಿಮಾಡಿಕೊಂಡಿತು. ಪಾಪ, ಕಡ್ಡಿಕಾಲಿನವನು ಅಂತ ಬಾತುಗಳೆಲ್ಲ ಅದನ್ನು ಆಡಿಕೊಳ್ಳುತ್ತಿದ್ದವು.

"ಅಕ್ಕಾ, ನಾನು ಎಲ್ಲಿ ಮೊಣಕಾಲು ನೆನೆಯದೆ ನಿಲ್ತೀನೋ, ಅಲ್ಲಿ ನಿನ್ನ ಕುರಿ ಧಾರಾಳವಾಗಿ ದಾಟ್ತಾವೆ."

"ಹಂಗಾದ್ರೆ ನಿಂತ್ಕೋ ನನ್ನಪ್ಪಾ. ಕಡೇ ಕುರಿ ದಾಟೋವರೆಗೂ ಅಲ್ಲಾಡಬೇಡ."

ಕೊಕ್ಕರೆ ಅಲ್ಲಿಷ್ಟು ಇಲ್ಲಿಷ್ಟು ಇಳಿದು ನೋಡಿ, ಕೊನೆಗೊಂದು ಕಡೆ ನಿಂತಿತು. ಕಾಲಬಳಿಯೇ ದಪ್ಪ ಮೀನೊಂದು ಹಾದುಹೋಯಿತು. ಹಸಿವೋ ಹಸಿವು, ಆದರೂ ಅಲ್ಲಾಡಲಿಲ್ಲ. ನೀರು ಕೊರೆಯಿತು. ಒಂದು ಕಾಲು ಮೇಲೆತ್ತಿಕೊಂಡಿತು, ಆದರೂ ಅಲ್ಲಾಡಲಿಲ್ಲ. ಕುರಿಗಳು ಒಂದರ ಹಿಂದೊಂದು ದಾಟಿದವು. ಕಡೆಗೆ ಕುಂಟುಕುರಿಯೂ ದಾಟಿತು.

ಮರಿಗಳು ಬಾಲ ಕುಣಿಸುತ್ತಾ ಹಾಲು ಕುಡಿಯುವುದನ್ನು ನೋಡುತ್ತಾ ಹಿಲ್ಡಾ ಮೈಮರೆತಳು. ಎಷ್ಟು ಖುಷಿ ಅಂದರೆ, ಕೊಕ್ಕರೆಗೆ "ಸಾಕು, ಹೋಗಪ್ಪಾ" ಅನ್ನುವುದನ್ನೇ ಮರೆತುಬಿಟ್ಟಳು.

ಬೆಳಿಗ್ಗೆ ಬಂದು ನೋಡುತ್ತಾಳೆ, ಅಯ್ಯೋ ದೇವರೇ! ಅದು ಅಲ್ಲೇ ಒಂಟಿಕಾಲಲ್ಲಿ ನಿಂತಿದೆ.

"ಎಲ್ಲಾ ದಾಟಿದ್ವಾ ಅಕ್ಕಾ?"

"ದಾಟಿದ್ವು ನನ್ನ ರಾಜಾ! ನಿನ್ನ ಋಣ ಹೆಂಗೆ ತೀರಿಸ್ಲಿ? ಇನ್ಮೇಲೆ ಈ ಜಾಗಕ್ಕೆ ನಿನ್ನದೇ ಹೆಸರು."

ಅವರ ಮಾತಿನಲ್ಲಿ ಹೆರನ್ ಅಂದರೆ ಕೊಕ್ಕರೆ, ಫೋರ್ಡ್ ಅಂದರೆ ನಡೆದು ಹೊಳೆ ದಾಟುವ ಜಾಗ. ಅಂದಿನಿಂದ ಯಾರು ಕೇಳಿದರೂ ಹಿಲ್ಡಾ "ಹೆರನ್‌ಫೋರ್ಡಿನವಳು" ಅನ್ನುತ್ತಿದ್ದಳು. ಊರಿಗೂ ಅದೇ ಹೆಸರಾಯಿತು. ಅವಳ ಮೊಮ್ಮಕ್ಕಳು ದೂರದೂರ ಹೋದಾಗ ಅದನ್ನೇ ಮನೆತನದ ಹೆಸರು ಮಾಡಿಕೊಂಡರು.

ಕೊಕ್ಕರೆಗೆ ಮಾತ್ರ ಇನ್ನೂ ಅನುಮಾನ, ಒಂದು ಕುರಿಯೇನಾದರೂ ಹಿಂದೆ ಉಳಿದಿದ್ದರೆ? ಅದಕ್ಕೇ ಮಗೂ, ನಮ್ಮ ಕೆರೆಯಲ್ಲೂ ಅದು ಒಂಟಿಕಾಲಲ್ಲಿ ಅಲ್ಲಾಡದೆ ನಿಂತು ದಂಡೆಯ ಕಡೆಗೇ ನೋಡುತ್ತಿರುತ್ತದೆ.