ಎರಡು ಪ್ರಾಯದ ಬಯಲು

"ಗುರುಗಳೇ, ಇದ್ದ ಬಲವೇ ಹೋದ ಮೇಲೆ ಮನುಷ್ಯ ಯಾವ ಮುಖ ಹೊತ್ತು ಕೆಲಸಕ್ಕೆ ಕೂರಬೇಕು?"

ಕೇಳಿದವಳು ಗುಣವತಿ. ಇಪ್ಪತ್ತೆರಡು ವರ್ಷ ಹಾಡಿದವಳು. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಮೇಲಿನ ಸ್ವರಗಳು ಅವಳ ಕಂಠಕ್ಕೆ ಎಟುಕುತ್ತಿರಲಿಲ್ಲ. ಗುರುಗಳು ಸಮಾಧಾನದ ಮಾತು ಆಡಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಎಣಿಕೆಗಾರನಿದ್ದ. ಪಾರಿಸಪ್ಪ ಎಂದು ಹೆಸರು. ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೂತು ಚಂದ್ರನ ಮೇಲಿನ ಕುಳಿಗಳನ್ನು ಎಣಿಸುವುದು ಅವನ ಕೆಲಸ. ಆಕಾಶದಿಂದ ಬಿದ್ದ ಕಲ್ಲು ಚಂದ್ರನ ನೆಲದಲ್ಲಿ ಕುಳಿ ತೋಡುತ್ತದೆ. ಅಲ್ಲಿ ಗಾಳಿಯಿಲ್ಲ, ಮಳೆಯಿಲ್ಲ. ತೋಡಿದ ಕುಳಿ ಕೋಟ್ಯಂತರ ವರ್ಷ ಹಾಗೆಯೇ ಉಳಿಯುತ್ತದೆ. ಹಳೆಯ ನೆಲದಲ್ಲಿ ಕುಳಿ ಹೆಚ್ಚು, ಹೊಸ ನೆಲದಲ್ಲಿ ಕಡಿಮೆ. ಹಾಗಾಗಿ ಒಂದು ಬಯಲಿನ ಕುಳಿಗಳನ್ನು ಅಳೆದು ಎಣಿಸಿದರೆ ಆ ಬಯಲಿನ ಪ್ರಾಯ ಗೊತ್ತಾಗುತ್ತದೆ.

ಪಾರಿಸಪ್ಪ ಹತ್ತೊಂಬತ್ತು ವರ್ಷ ಈ ಕೆಲಸ ಮಾಡಿದ. ನೌಕೆ ಕಳಿಸಿದ ಚಿತ್ರಗಳನ್ನು ಪರದೆಯ ಮೇಲೆ ಹರಡಿ, ಒಂದೊಂದು ಕುಳಿಯ ಸುತ್ತಲೂ ವೃತ್ತ ಎಳೆಯುತ್ತಿದ್ದ. ಬೇರೆಯವರಿಗೆ ಬರೀ ನೆರಳು ಕಂಡಲ್ಲಿ ಅವನಿಗೆ ಕುಳಿಯ ಅಂಚು ಕಾಣುತ್ತಿತ್ತು. ಹೊಸಬರು ಬಂದರೆ, "ಹೋಗಿ ಪಾರಿಸಪ್ಪನ ಹಿಂದೆ ನಿಂತು ನೋಡಿ" ಎನ್ನುತ್ತಿದ್ದರು. ಚಂದ್ರನ ಉತ್ತರದ ಒಂದು ಬಯಲಿಗೆ ಮುನ್ನೂರ ಅರವತ್ತು ಕೋಟಿ ವರ್ಷವೆಂದು ಅವನೇ ಪ್ರಾಯ ಕಟ್ಟಿದ್ದ. ಆ ಲೆಕ್ಕವನ್ನು ಯಾರೂ ಮತ್ತೆ ಕೆದಕಿರಲಿಲ್ಲ.

ಐವತ್ತೊಂದರ ಹೊತ್ತಿಗೆ ಅವನ ಕಣ್ಣು ಮಸುಕಾಯಿತು. ಕಣ್ಣಿನ ಹಿಂದಿನ ನರ ಒಣಗುತ್ತಿದೆ, ಇದಕ್ಕೆ ಮದ್ದಿಲ್ಲ ಎಂದು ವೈದ್ಯರು ಹೇಳಿದರು. ಹದಿನಾಲ್ಕು ತಿಂಗಳಲ್ಲಿ ಎಲ್ಲವೂ ಮುಗಿಯಿತು. ಕಿಟಕಿ ಯಾವ ಕಡೆಯಿದೆ ಎಂದು ತಿಳಿಯುವಷ್ಟು ಬೆಳಕು ಮಾತ್ರ ಉಳಿಯಿತು.

ಸಂಸ್ಥೆಯ ಮುಖ್ಯಸ್ಥರು ಒಳ್ಳೆಯವರು. ಅವನನ್ನು ಕರೆಸಿ, "ಪಾರಿಸಪ್ಪ, ನಿಮ್ಮ ಹುದ್ದೆಗೆ ಏನೂ ಆಗುವುದಿಲ್ಲ. ದಿನಾ ಬಂದು ಕೂತಿರಿ, ಸಾಕು" ಎಂದರು. ಆ 'ಸಾಕು' ಅವನಿಗೆ ಬೈಗುಳಕ್ಕಿಂತ ಆಳವಾಗಿ ನಾಟಿತು.

ಅವನು ದಿನಾ ಬಂದ. ಕೂತ. ಹನ್ನೊಂದಕ್ಕೆ ಚಹಾ ಕುಡಿದ, ಐದಕ್ಕೆ ಎದ್ದು ಹೋದ. ಅವನು ಹತ್ತಿರ ಬಂದರೆ ಉಳಿದವರು ಕುಳಿಗಳ ಮಾತು ನಿಲ್ಲಿಸಿ ಊಟ ತಿಂಡಿಯ ಮಾತಿಗೆ ಇಳಿಯುತ್ತಿದ್ದರು. ಅವನಿಗೆ ಅದು ಗೊತ್ತಾಗುತ್ತಿತ್ತು. ಹೀಗೆ ಮೂರು ತಿಂಗಳು ಕಳೆಯಿತು. ರಾಜೀನಾಮೆಯ ಕಾಗದವನ್ನು ಮಡಿಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಓಡಾಡತೊಡಗಿದ.

ಪಕ್ಕದ ಮೇಜು ಮೆಹರುನ್ನಿಸಾಳದು. ಅವಳೂ ಎಣಿಕೆಯವಳೇ, ಹೆಚ್ಚುಕಡಿಮೆ ಅವನ ಪ್ರಾಯದವಳು. ಹನ್ನೊಂದು ವರ್ಷದಿಂದ ಇಬ್ಬರೂ ಅಕ್ಕಪಕ್ಕ ಕೂತು ಒಬ್ಬರ ಎಣಿಕೆಯಲ್ಲಿ ಒಬ್ಬರು ತಪ್ಪು ಹುಡುಕಿದವರು. ಉಳಿದವರೆಲ್ಲ ಪಾರಿಸಪ್ಪನೊಡನೆ ಮೆತ್ತಗೆ ಮಾತಾಡುತ್ತಿದ್ದರು. ಅವಳು ಮಾತ್ರ ಮೊದಲಿನಂತೆಯೇ ಇದ್ದಳು.

"ಎಷ್ಟು ದಿನ ಹೀಗೆ ಕುರ್ಚಿ ಕಾಯುತ್ತೀರಿ?" ಎಂದು ಒಂದು ದಿನ ಕೇಳಿದಳು.

"ಕಾಣದವನು ಇನ್ನೇನು ಕಾಯಲಿ?"

"ನಿಮ್ಮ ಉತ್ತರದ ಬಯಲನ್ನೇ ಹೊಸ ಚಿತ್ರಗಳಲ್ಲಿ ಮತ್ತೆ ಎಣಿಸುತ್ತಿದ್ದೇನೆ. ಎಣಿಸುವುದು ನಾನು. ಪ್ರಾಯ ಕಟ್ಟುವುದು ನೀವು. ಆ ಕಪ್ಪು ಪರದೆಯ ತಂತ್ರಾಂಶವಿದೆಯಲ್ಲ, ಅದಕ್ಕೆ ಬೇಕಿರುವುದು ಅಕ್ಷರ ಮಾತ್ರ."

ಪ್ರಾಯ ಕಟ್ಟುವ ಆ ತಂತ್ರಾಂಶದಲ್ಲಿ ಒತ್ತಲು ಗುಂಡಿಯಿಲ್ಲ, ಎಳೆಯಲು ಬಾಣವಿಲ್ಲ. ಪರದೆ ಬರಿದಾಗಿರುತ್ತದೆ. ಒಂದು ಸಾಲು ಆಜ್ಞೆ ಬರೆದು ಕೀಲಿ ಒತ್ತಿದರೆ ಉತ್ತರವೂ ಸಾಲುಸಾಲಾಗಿ ಅಕ್ಷರದಲ್ಲೇ ಬರುತ್ತದೆ; ಕೇಳಿದರೆ ನಕ್ಷೆಯೊಂದನ್ನು ಬೇರೆ ಕಡತದಲ್ಲಿ ಬಿಡಿಸಿಕೊಡುತ್ತದೆ. ಕಣ್ಣಿದ್ದ ಕಾಲದಲ್ಲಿ ಪಾರಿಸಪ್ಪ ಅದನ್ನು ಕುರುಡು ಯಂತ್ರವೆಂದು ತಾತ್ಸಾರ ಮಾಡಿ, ಆಜ್ಞೆ ಬರೆಯುವುದನ್ನು ಬೇರೆಯವರಿಗೆ ಬಿಟ್ಟು, ಬಂದ ನಕ್ಷೆಯನ್ನಷ್ಟೇ ನೋಡಿ ಪ್ರಾಯ ಕಟ್ಟುತ್ತಿದ್ದ. ಈಗ ಪರದೆಯ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಇನ್ನೊಂದು ತಂತ್ರಾಂಶವನ್ನು ಮೆಹರುನ್ನಿಸಾ ಅವನ ಗಣಕಕ್ಕೆ ಹಾಕಿಕೊಟ್ಟಳು. ಅವನು ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೂತ.

ಮೊದಲ ವಾರ ನರಕವಾಯಿತು. ಒಂದು ಚುಕ್ಕೆ ತಪ್ಪಿದರೂ, ಒಂದು ಅಕ್ಷರ ಹೆಚ್ಚಾದರೂ ಯಂತ್ರ "ಆಜ್ಞೆ ತಿಳಿಯಲಿಲ್ಲ" ಎನ್ನುತ್ತಿತ್ತು. ಒಮ್ಮೆ ಬಯಲಿನ ವಿಸ್ತಾರ ಬರೆಯುವಾಗ ಒಂದು ಸೊನ್ನೆ ಬಿಟ್ಟ. ಅಷ್ಟೂ ಕುಳಿಗಳು ಸಣ್ಣ ಜಾಗದಲ್ಲಿ ಕಿಕ್ಕಿರಿದಂತಾಗಿ ಬಯಲಿನ ಪ್ರಾಯ ಸೂರ್ಯನ ಪ್ರಾಯವನ್ನೂ ಮೀರಿತು. ಅವನು ಹೆಡ್‌ಫೋನು ಕಿತ್ತಿಟ್ಟು, ಗೋಡೆ ತಡವಿಕೊಂಡು ಹೋಗಿ ಮೆಟ್ಟಿಲ ಮೇಲೆ ಕೂತ. ಅರ್ಧ ತಾಸು ಕೂತ. ಯಾರೂ ಕರೆಯಲು ಬರಲಿಲ್ಲ. ತಾನೇ ಎದ್ದು ಬಂದು ಬಿಟ್ಟ ಸೊನ್ನೆಯನ್ನು ಸೇರಿಸಿದ.

ಮೂರನೆಯ ವಾರಕ್ಕೆ ಅವನ ಬೆರಳು ಪಳಗಿದವು. ಯಾವ ಕಡತ ತೆರೆಯಬೇಕು, ಎಷ್ಟು ಅಗಲದಿಂದ ಎಷ್ಟು ಅಗಲದವರೆಗಿನ ಕುಳಿಗಳನ್ನು ಲೆಕ್ಕಕ್ಕೆ ಹಿಡಿಯಬೇಕು, ಎಲ್ಲವನ್ನೂ ತಡವರಿಸದೆ ಬರೆಯುತ್ತಿದ್ದ. ಮನೆಯಲ್ಲಿ ಊಟಕ್ಕೆ ಕೂತಾಗ ಅವನ ಬೆರಳು ತಟ್ಟೆಯ ಅಂಚಿನ ಮೇಲೆ ಆಜ್ಞೆಗಳನ್ನು ಬರೆಯುತ್ತಿದ್ದವಂತೆ.

ಮೆಹರುನ್ನಿಸಾಳ ಎಣಿಕೆ ಮುಗಿಯಿತು. ಅವನು ಆಜ್ಞೆ ಕೊಟ್ಟ. ಯಂತ್ರ ಮುನ್ನೂರ ನಲವತ್ತು ಕೋಟಿ ವರ್ಷ ಎಂದಿತು, ಹತ್ತಿಪ್ಪತ್ತು ಕೋಟಿ ಆಚೆ ಈಚೆ. ಹಳೆಯ ಲೆಕ್ಕಕ್ಕೆ ಹತ್ತಿರವೇ ಇತ್ತು. ಒಂದೊಂದು ಅಗಲಕ್ಕೆ ಎಷ್ಟು ಕುಳಿ ಎಂದು ಚುಕ್ಕೆಯಿಟ್ಟು ಯಂತ್ರ ಬಿಡಿಸಿದ ನಕ್ಷೆಯನ್ನು ನಾಲ್ಕು ಜನ ನೋಡಿದರು. ಚುಕ್ಕೆಗಳ ನಡುವೆ ಗೆರೆ ಚೆನ್ನಾಗಿ ಕೂತಿದೆ ಎಂದರು. ಕೆಲಸ ಮುಗಿಯಿತೆಂದು ಎಲ್ಲರೂ ಎದ್ದರು.

ಪಾರಿಸಪ್ಪನಿಗೆ ನಕ್ಷೆ ಕಾಣುವಂತಿರಲಿಲ್ಲ. ಗೆರೆ ಹೇಗೆ ಕೂತಿದೆ ಎಂದು ತಿಳಿಯಲು ಅವನಿಗೆ ಇದ್ದದ್ದು ಒಂದೇ ದಾರಿ. ಅಗಲದ ಪ್ರಕಾರ ಕುಳಿಗಳ ಸಂಖ್ಯೆಯನ್ನು ಓದಿಸಿ ಕೇಳಿದ. ನಾಲ್ಕು ಕಿಲೋಮೀಟರಿಗಿಂತ ಅಗಲವಾದವು ಏಳು. ಎರಡಕ್ಕಿಂತ ಅಗಲವಾದವು ನಲವತ್ತೊಂದು. ಒಂದಕ್ಕಿಂತ ಅಗಲವಾದವು ತೊಂಬತ್ತಾರು. ಅರ್ಧಕ್ಕಿಂತ ಅಗಲವಾದವು ಆರುನೂರ ಎಂಬತ್ತು.

ಅವನು ಮತ್ತೆ ಓದಿಸಿದ. ಅಗಲ ಅರ್ಧವಾದಾಗಲೆಲ್ಲ ಕುಳಿಗಳು ಆರೇಳು ಪಟ್ಟು ಏರಬೇಕು. ಏಳರಿಂದ ನಲವತ್ತೊಂದಕ್ಕೆ ಏರಿದ್ದು ಸರಿ. ನಲವತ್ತೊಂದರಿಂದ ತೊಂಬತ್ತಾರಕ್ಕೆ ಏರಿದ್ದು ಸರಿಯಲ್ಲ. ಅಲ್ಲಿ ಸಂಖ್ಯೆ ಮುಗ್ಗರಿಸಿತ್ತು. ಮುಂದಕ್ಕೆ ಮತ್ತೆ ಎದ್ದು ನಡೆದಿತ್ತು.

"ಸಣ್ಣ ಕುಳಿಗಳು ನನ್ನ ಕಣ್ಣು ತಪ್ಪಿರಬಹುದು" ಎಂದಳು ಮೆಹರುನ್ನಿಸಾ.

"ಕಣ್ಣು ತಪ್ಪಿದ್ದರೆ ಇನ್ನೂ ಸಣ್ಣವು ಇನ್ನೂ ಹೆಚ್ಚು ತಪ್ಪಬೇಕಿತ್ತು. ಅವು ಸರಿಯಾಗಿ ಏರಿವೆ. ಸಣ್ಣವನ್ನೆಲ್ಲ ಒಮ್ಮೆ ಏನೋ ಮುಚ್ಚಿಹಾಕಿದೆ. ಮುಚ್ಚಿದ ಮೇಲೆ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗಿದೆ."

ಅವನು ಎರಡು ಆಜ್ಞೆ ಕೊಟ್ಟ. ದೊಡ್ಡ ಕುಳಿಗಳನ್ನಷ್ಟೇ ಹಿಡಿದರೆ ಮುನ್ನೂರ ಅರವತ್ತು ಕೋಟಿ ವರ್ಷ. ಸಣ್ಣವನ್ನಷ್ಟೇ ಹಿಡಿದರೆ ಇನ್ನೂರ ಇಪ್ಪತ್ತು. ಮೆಹರುನ್ನಿಸಾ ಚಿತ್ರಗಳಿಗೆ ಹಿಂತಿರುಗಿದಳು. ಆರು ದಿನ ಹುಡುಕಿದಳು. ಬಯಲಿನ ತುಂಬ ಲಾವಾ ಹರಿದು ಹೆಪ್ಪುಗಟ್ಟಿದ ತೆಳುವಾದ ಪದರವಿತ್ತು. ಸಣ್ಣ ಕುಳಿಗಳು ಅದರಲ್ಲಿ ಮುಳುಗಿಹೋಗಿದ್ದವು. ದೊಡ್ಡ ಕುಳಿಗಳ ಅಂಚು ಮಾತ್ರ, ತುಂಬಿದ ಕೆರೆಯಲ್ಲಿ ಬಂಡೆಯ ತಲೆ ಕಾಣುವಂತೆ, ಮೇಲೆ ಕಾಣುತ್ತಿತ್ತು.

ಅಷ್ಟರಲ್ಲಿ ಪಾರಿಸಪ್ಪ ಇನ್ನೊಂದು ಕೆಲಸ ಮಾಡಿದ್ದ. ತನ್ನ ಕಣ್ಣು ನೆಟ್ಟಗಿದ್ದಾಗ ಎಣಿಸಿದ ಹಳೆಯ ಕಡತವನ್ನು ತೆರೆಸಿ ಓದಿಸಿದ. ಅದರಲ್ಲೂ ಸಂಖ್ಯೆ ಅದೇ ಜಾಗದಲ್ಲಿ ಮುಗ್ಗರಿಸಿತ್ತು. ಅವನಿಗೆ ನೆನಪಾಯಿತು. ಆಗ ನಕ್ಷೆಯಲ್ಲಿ ಒಂದೆರಡು ಚುಕ್ಕೆ ಗೆರೆಯಿಂದ ಕೆಳಗೆ ಬಿದ್ದಿದ್ದವು. ಅವನು ಕಂಡಿದ್ದ. ಉಳಿದ ಚುಕ್ಕೆಗಳ ಮೇಲೆ ಗೆರೆ ಅಂದವಾಗಿ ಕೂತಿದ್ದರಿಂದ, ಸಣ್ಣ ಕುಳಿಗಳನ್ನು ಲೆಕ್ಕದಿಂದ ಬಿಟ್ಟಿದ್ದ.

ಜನ ಅವನನ್ನು ಗೌರವಿಸುತ್ತಿದ್ದದ್ದೇ ಆ ಬಯಲಿನಿಂದ. ಅದನ್ನು ಈಗ ತಾನೇ ಕೆಡವಬೇಕು.

"ಮೊದಲಿನದು ಅರ್ಧ ಸತ್ಯ ಎಂದು ಬರೆಯಿರಿ" ಎಂದ ಮೆಹರುನ್ನಿಸಾಳಿಗೆ. "ಯಾರು ಬರೆದದ್ದು ಎಂಬುದನ್ನೂ ಬರೆಯಿರಿ. ಹೆಸರು ಮರೆಮಾಚಬೇಡಿ."

ಅವಳು ಬರೆದಳು. ವರದಿಯ ಕೆಳಗೆ ಇಬ್ಬರ ಹೆಸರೂ ಇತ್ತು, ಅವನದು ಮೊದಲು. ಅವನು ಬೇಡವೆಂದ. ಅವಳು ಕೇಳಲಿಲ್ಲ.

ಚಂದ್ರನಿಂದ ಕಲ್ಲು ತರಲು ಜಾಗ ಆರಿಸುತ್ತಿದ್ದ ತಂಡವೊಂದಿತ್ತು. ಆ ಬಯಲಿನಲ್ಲಿ ವಿಶೇಷವೇನಿಲ್ಲ ಎಂದು ಅವರು ಪಟ್ಟಿಯಿಂದ ಕೈಬಿಟ್ಟಿದ್ದರು. ಒಂದೇ ಕಡೆ ಇಳಿದರೆ ಎರಡು ಕಾಲದ ಕಲ್ಲು ಸಿಗುತ್ತದೆ ಎಂದು ತಿಳಿದ ಮೇಲೆ ಅದನ್ನು ಮತ್ತೆ ಪಟ್ಟಿಗೆ ಸೇರಿಸಿದರು. ಇನ್ನೂ ಹದಿನೇಳು ಬಯಲುಗಳ ಹಳೆಯ ಲೆಕ್ಕವನ್ನು ಪರೀಕ್ಷಿಸಿ ಕೊಡಿ ಎಂದು ಪಾರಿಸಪ್ಪನಿಗೆ ಕಳಿಸಿದರು. ಮುಖ್ಯಸ್ಥರು ಖುದ್ದು ಬಂದು ಆ ಪತ್ರವನ್ನು ಓದಿ ಹೇಳಿದರು. ಅವನು ಪೂರ್ತಿ ಕೇಳಿಸಿಕೊಂಡ. ಜೇಬಿನಲ್ಲಿದ್ದ ಕಾಗದವನ್ನು ತೆಗೆದು, ಎರಡು ತುಂಡು ಮಾಡಿ, ಎದುರಿದ್ದ ಮೆಹರುನ್ನಿಸಾಳ ಕೈಗೆ ಕೊಟ್ಟು, "ಬುಟ್ಟಿ ಎಲ್ಲಿದೆ ನೋಡಿ" ಎಂದ.

ಗುರುಗಳು ಕತೆ ನಿಲ್ಲಿಸಿದರು.

ಗುಣವತಿ, "ಹಾಗಾದರೆ ಅವನ ಕಣ್ಣು ಹೋದದ್ದೇ ಒಳ್ಳೆಯದಾಯಿತು ಎನ್ನೋಣವೇ?" ಎಂದು ಕೇಳಿದಳು.

ಗುರುಗಳು ಹೇಳಿದರು: "ಹಾಗೆನ್ನಬೇಡ ತಾಯಿ, ಚಂದ್ರನನ್ನು ಒಮ್ಮೆ ನೋಡಬೇಕೆಂದು ಅವನು ಇವತ್ತಿಗೂ ಹಂಬಲಿಸುತ್ತಾನೆ, ಆದರೆ ನಾಳೆ ಬೆಳಗ್ಗೆ ಅವನಿಗೆ ಕೆಲಸವಿದೆ."